ದೋಣಿಯವನ ಅನಿಮೆ ನೋಡಿದ ಭಾನುವಾರ

ಕಳೆದ ಬೇಸಿಗೆ ರಜೆಯಲ್ಲಿ ಗಡಿಯಾಚೆ ಮಲಯಾಳದ ನಾಡಿನಲ್ಲಿರುವ ಕಲ್ಲೂರಿನ ನಮ್ಮ ವಾಚನಾಲಯದಲ್ಲಿ ಜಪಾನಿನ ಅನಿಮೆಯೊಂದನ್ನು ತೋರಿಸಿದರು. ವಾಚನಾಲಯ ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರು. ಊರಿಗೆಲ್ಲ ಅವರು ‘ಮಾಷ್’. ಹಿಂದಿನ ದಿನ ಹಾಲಿನ ಸೊಸೈಟಿಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿ, “ನೀನು ಬರಲೇಬೇಕು, ಮೋಳನ್ನೂ ಕರೆದುಕೊಂಡು ಬಾ. ನಿನಗಾಗಿಯೇ ಮಾಡಿದ ಸಿನಿಮಾ ಅದು” ಎಂದು ಮಲಯಾಳದಲ್ಲಿ ಹೇಳಿದರು. ಅನಿಮೆ ಎಂದರೆ ಇಲಿ ಬೆಕ್ಕು ಓಡಾಡುವ ಚಿತ್ರ ಎಂದುಕೊಂಡಿದ್ದ ನನಗೆ, ಅದನ್ನು ನನಗಾಗಿ ಯಾರು ಯಾಕೆ ಮಾಡುತ್ತಾರೆ ಎಂದು ಅರ್ಥವಾಗಲಿಲ್ಲ.

ಮೋಳು ಎಂದರೆ ಮಗಳು. ಆದರೆ ಅವಳು ನನ್ನ ಮಗಳಲ್ಲ, ತಂಗಿಯ ಮಗಳು. ನನಗೆ ಮದುವೆಯಾಗಿಲ್ಲ. ನಾಲ್ಕು ಹಸು, ಒಂದಿಷ್ಟು ಶುಂಠಿ, ಬಾಳೆ ನೋಡಿಕೊಂಡು ಒಬ್ಬನೇ ಇದ್ದವನು. ತಂಗಿಯ ಗಂಡ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಅವಳು ಮೈಸೂರಿನ ಒಂದು ಹಾಸ್ಟೆಲಿನಲ್ಲಿ ಹೊಸದಾಗಿ ಅಡುಗೆ ಕೆಲಸಕ್ಕೆ ಸೇರಿದ್ದಳು. ಸಿನಿಮಾಕ್ಕೆ ಮುಂಚಿನ ದಸರಾ ರಜೆಯಲ್ಲಿ ಏಳು ವರ್ಷದ ಮಗುವನ್ನು ಕರೆತಂದು, “ರಜ ಮುಗಿಯೋದ್ರೊಳಗ ಬತ್ತೀನಿ ಕನಣ್ಣ, ಅಲ್ಲೀವರ್ಗೂ ನೋಡ್ಕೊ” ಎಂದಳು. ಚಹಾ ಕೂಡ ಕುಡಿಯದೆ ಬಂದ ದಾರಿಯಲ್ಲೇ ಹೊರಟುಹೋದಳು.

ರಜೆ ಮುಗಿಯಿತು, ಅವಳು ಬರಲಿಲ್ಲ. ಫೋನ್ ಮಾಡಿದರೆ, ಹೊಸ ಕೆಲಸ, ಇನ್ನೂ ಸ್ವಲ್ಪ ದಿನ ಅನ್ನುತ್ತಿದ್ದಳು. ಆಮೇಲೆ ಫೋನೂ ಅಪರೂಪವಾಯಿತು. ಮಗುವನ್ನು ಮನೆಯಲ್ಲೇ ಕೂರಿಸಿಕೊಂಡಿರಲು ಆಗುತ್ತದೆಯೇ? ಇಲ್ಲಿನ ಶಾಲೆಗೆ ಸೇರಿಸಿದೆ. ಅಲ್ಲಿ ಎಲ್ಲವೂ ಮಲಯಾಳ. ಕನ್ನಡದಲ್ಲಿ ಓದು ಶುರುಮಾಡಿದ್ದ ಹುಡುಗಿ ಮತ್ತೆ ಮೊದಲಿನಿಂದ ಅಕ್ಷರ ತಿದ್ದಬೇಕಾಯಿತು. ನಾನೂ ಹಾಗೆಯೇ ಒಂದೊಂದಾಗಿ ಕಲಿತೆ. ಜಡೆ ಹೆಣೆಯುವುದನ್ನು ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಹೇಳಿಕೊಟ್ಟಳು. ಹಸುವಿಗೆ ಹಗ್ಗ ಹೊಸೆಯುವ ಕೈಗೆ ಅದು ಬೇಗ ಬಂತು. ಆದರೆ ಅವಳು ಊಟದ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾದಾಗ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ.

ಭಾನುವಾರ ಮಧ್ಯಾಹ್ನ ಬೇಗ ಊಟ ಮುಗಿಸಿ ಹೋದೆವು. ಸಂಜೆಯಾದರೆ ಆನೆ ಇಳಿಯುವ ದಾರಿ ನಮ್ಮದು. ಅದಕ್ಕೇ ಮಾಷ್ ಯಾವ ಕಾರ್ಯಕ್ರಮವಿದ್ದರೂ ಬಿಸಿಲಿರುವಾಗಲೇ ಮುಗಿಸುತ್ತಾರೆ. ಕಿಟಕಿಗಳಿಗೆಲ್ಲ ಬೆಡ್‌ಶೀಟು ಕಟ್ಟಿ ಕತ್ತಲು ಮಾಡಿದ್ದರು. ಗೋಡೆಯ ಮೇಲೆ ಚಿತ್ರ ಮೂಡಿತು. ಮಾತು ಜಪಾನಿ, ಕೆಳಗೆ ಮಲಯಾಳದ ಅಕ್ಷರ. ಮಗುವಿಗೆ ಅಷ್ಟು ವೇಗವಾಗಿ ಓದಲು ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಮಾತನ್ನೂ ನಾನು ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಬೇಕಾಯಿತು.

ಕತೆ ಹೀಗಿತ್ತು. ಒಬ್ಬ ಯುವಕ ಜನರನ್ನು ದಡದಿಂದ ದಡಕ್ಕೆ ದಾಟಿಸುವ ದೋಣಿ ನಡೆಸುತ್ತಾನೆ. ಒಂದು ದಿನ ಎಲ್ಲರೂ ಇಳಿದ ಮೇಲೆ ನೋಡಿದರೆ ಹಿಂದಿನ ಬೆಂಚಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಾಳೆ. ಅವಳನ್ನು ಕರೆತಂದಿದ್ದ ಹೆಂಗಸು ಜನರ ನಡುವೆ ಇಳಿದು ಹೋಗಿಬಿಟ್ಟಿದ್ದಾಳೆ. ಅವನು ಹುಡುಗಿಯನ್ನು ಮನೆಗೆ ಕರೆದೊಯ್ಯುತ್ತಾನೆ. ಗಂಜಿ ಸೀಯಿಸುತ್ತಾನೆ, ಅಂಗಿಯನ್ನು ಹಿಂದುಮುಂದಾಗಿ ತೊಡಿಸುತ್ತಾನೆ. ಹುಡುಗಿಗೆ ಜ್ವರ ಬಂದರೆ ತಾನೇ ಅಳುತ್ತಾನೆ.

ಗಂಜಿ ಸೀದಾಗ ನಮ್ಮ ಹುಡುಗಿ ಜೋರಾಗಿ ನಕ್ಕಳು. ಮುಂದಿನ ಸಾಲಿನಲ್ಲಿದ್ದ ಚೇಚಿ ತಿರುಗಿ ನಮ್ಮಿಬ್ಬರನ್ನೂ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬರು ತಿರುಗಿದರು. ಆಮೇಲೆ ಮತ್ತೊಬ್ಬರು.

“ಯಾಕ್ ಮಾವ ಎಲ್ರೂ ನಮ್ಮನ್ನೇ ನೋಡ್ತರ?” ಎಂದಳು ಮಗು.

“ಗೊತ್ತಿಲ್ಲ ಕನವ್ವ. ನೀನು ಸಿನಿಮಾ ನೋಡು.”

ಆಮೇಲೆ ಮಳೆಕೋಟಿನ ದೃಶ್ಯ ಬಂತು. ದೋಣಿಯವನು ಪೇಟೆಯಿಂದ ಹಳದಿ ಕೋಟು ತಂದು ಹುಡುಗಿಗೆ ತೊಡಿಸುತ್ತಾನೆ. ತೋಳು ಮೊಣಕಾಲಿನವರೆಗೆ ಜೋತಾಡುತ್ತದೆ. ಸಭೆಯೆಲ್ಲ ನಗುತ್ತಿತ್ತು. ಕೆಳಗಿನ ಅಕ್ಷರ ಓದಿಕೊಂಡು ನಾನು ಮಗುವಿನ ಕಿವಿಯಲ್ಲಿ ಹೇಳಿದೆ: “ಮುಂದಿನ ವರ್ಷದ ಮಳೆಗೂ ಆಗ್ಲಿ ಅಂತ ದೊಡ್ಡದೇ ತಂದಿವ್ನಿ.”

ಅವಳ ಭುಜ ಅಲುಗಿತು. ಎಲ್ಲರಂತೆ ನಗುತ್ತಿದ್ದಾಳೆ ಎಂದುಕೊಂಡೆ. ಕೆನ್ನೆ ನನ್ನ ಕೈಗೆ ತಾಗಿದಾಗ ಒದ್ದೆಯಾಗಿತ್ತು.

ನನಗೆ ಗಾಬರಿಯಾಯಿತು. ಆ ಮಾತನ್ನು ನಾನು ಹೇಳಿದೆನೋ, ಅವನು ಹೇಳಿದನೋ ಎಂದು ಒಂದು ಕ್ಷಣ ನನಗೇ ಗೊತ್ತಾಗದಂತಾಯಿತು. “ಅದು ಅವನು ಹೇಳಿದ್ದು ಕನವ್ವ, ನಾನಲ್ಲ” ಎಂದು ಪಿಸುಗುಟ್ಟಿದೆ.

“ಗೊತ್ತು” ಎಂದಳು. ಅಳು ನಿಲ್ಲಲಿಲ್ಲ, ಇನ್ನಷ್ಟು ಜೋರಾಯಿತು. ಹಾಗೆ ಹೇಳಬಾರದಿತ್ತೇನೋ. ಹೇಳದಿದ್ದರೂ ಸರಿಯಿರುತ್ತಿರಲಿಲ್ಲವೇನೋ. ಅಷ್ಟರಲ್ಲಿ ಗೋಡೆಯ ಮೇಲಿನ ಎಷ್ಟೋ ಮಾತುಗಳು ದಾಟಿಹೋಗಿದ್ದವು. ಚೇಚಿ ಹಿಂದೆ ಬಾಗಿ, “ಎಂದಾ ಮೋಳೆ?”, ಏನಾಯಿತು ಮಗಳೇ, ಎಂದು ಅವಳ ತಲೆ ಸವರಿದಳು.

ಚಿತ್ರ ಮುಗಿದ ಮೇಲೆ ಬೆಡ್‌ಶೀಟು ತೆಗೆದು ಚರ್ಚೆ ಶುರುಮಾಡಿದರು. ಚರ್ಚೆಯಿಲ್ಲದೆ ಇಲ್ಲಿ ಯಾವುದೂ ಮುಗಿಯುವುದಿಲ್ಲ. ಹತ್ತಿರದ ಪೇಟೆ ಬತ್ತೇರಿಯಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು, ತಾನಿದನ್ನು ಫೋನಿನಲ್ಲಿ ಮೊದಲೇ ನೋಡಿದ್ದೆ, ಈಗಲೂ ಅಷ್ಟೇ ಅಳು ಬಂತು ಎಂದಳು. ಚಹಾ ಅಂಗಡಿಯವನು ಎದ್ದು, “ನಮ್ಮಲ್ಲಾಗಿದ್ದರೆ ಮೊದಲು ಪೊಲೀಸರು ಬರುತ್ತಿದ್ದರು” ಅಂದ. ಎಲ್ಲರೂ ನಕ್ಕರು. ಗಂಡಸಾಗಿ ಅವನು ಅಷ್ಟು ಚೆನ್ನಾಗಿ ಮಗು ಸಾಕಿದ್ದು ದೊಡ್ಡ ಮಾತು ಎಂದು ಚೇಚಿ ಹೇಳಿದಳು. ಮೂರು ಮಕ್ಕಳನ್ನು ಒಬ್ಬಳೇ ಸಾಕಿದವಳು ಅವಳು. ಆ ಮಾತಿಗೆ ಎಲ್ಲರೂ ಮತ್ತೆ ನನ್ನ ಕಡೆಗೇ ತಿರುಗಿದರು.

ಮಾಷ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಹೇಳು, ನಿನಗೇನನ್ನಿಸಿತು?”

ಏನನ್ನಿಸಿತು ಎಂದು ಹುಡುಕಿದೆ. ಎಲ್ಲರ ಮನಸ್ಸೂ ತುಂಬಿಬಂದಿತ್ತು, ನನ್ನದು ಮಾತ್ರ ಎಲ್ಲಿಗೋ ಹೋಗಿಬಿಟ್ಟಿತ್ತು. ಕೊನೆಗೆ ಮಲಯಾಳದಲ್ಲಿ, “ಅವನಿಗೆ ಒಮ್ಮೆಯೂ ಭಯವಾಗಲಿಲ್ಲವೇ? ಅದೊಂದು ನನಗೆ ತಿಳಿಯಲಿಲ್ಲ” ಎಂದೆ. ಅದು ನಿಜವಾದ ಪ್ರಶ್ನೆ. ಯಾರಾದರೂ ಉತ್ತರ ಹೇಳುತ್ತಾರೇನೋ ಎಂದು ಕಾದೆ. ಅವರು ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ಇವತ್ತಿಗೂ ಗೊತ್ತಿಲ್ಲ.

ಮನೆಯ ದಾರಿಯಲ್ಲಿ ಮಗು ಬೇಲಿಯ ಎಲೆ ಕೀಳುತ್ತಾ ನಡೆಯುತ್ತಿದ್ದಳು. ಕೇಳಬೇಕೋ ಬಿಡಬೇಕೋ ಎಂದು ಸ್ವಲ್ಪ ದೂರ ಯೋಚಿಸಿ ಕೇಳಿಯೇಬಿಟ್ಟೆ. “ಆ ಕೋಟು ನೋಡಿ ಯಾಕವ್ವ ಅತ್ತೆ?”

“ಅವ್ನು ಮುಂದಿನ ವರ್ಷಕ್ಕೂ ಅಂದ.”

“ಹೂಂ, ಅಂದ.”

“ಮುಂದಿನ ವರ್ಷಾನೂ ಅವ್ಳು ಅಲ್ಲೇ ಇರ್ತಳ ಅಂತ ಅವನ್ಗ ಹೆಂಗ ಗೊತ್ತು?”

“ಅದ್ಕ ಬೇಜಾರಾಯ್ತಾ? ಇಲ್ಲ ಸಂತೋಷ ಆಯ್ತಾ?” ಎಂದೆ.

ಅವಳು ನಿಂತು ಯೋಚಿಸಿದಳು. “ಗೊತ್ತಿಲ್ಲ ಮಾವ. ಎರಡೂ ಅಲ್ಲ” ಎಂದಳು. ಆಮೇಲೆ, “ಹಸೀತದ” ಎಂದಳು. ದೋಸೆ ಹಿಟ್ಟಿತ್ತು. ಹೋಗಿ ಹುಯ್ದುಕೊಟ್ಟೆ. ನಾಲ್ಕು ತಿಂದು ಮಲಗಿದಳು.

ಅದೇ ವಾರ ಬಹಳ ದಿನದ ಮೇಲೆ ತಂಗಿಯ ಫೋನ್ ಬಂತು. ಮಗು ಸ್ಪೀಕರ್ ಹಾಕಿಕೊಂಡು ಅಮ್ಮನಿಗೆ ಸಿನಿಮಾದ ಕತೆಯನ್ನೆಲ್ಲ ಹೇಳಿದಳು. ಸೀದ ಗಂಜಿ, ಜ್ವರ, ದೋಣಿ. ಕೋಟಿನ ವಿಷಯ ಮಾತ್ರ ಹೇಳಲಿಲ್ಲ. ಆ ಕಡೆಯಿಂದ ಹೂಂ, ಹೂಂ ಎನ್ನುತ್ತಿದ್ದ ತಂಗಿ ಕೊನೆಗೆ ಕೇಳಿದಳು, “ಬುಟ್ಟೋದ್ಲಲ್ಲ ಆ ಹೆಂಗಸು, ಕಡೇಗಾರ ಬಂದ್ಲಾ?”

“ಬರ್ನಿಲ್ಲ. ಅಷ್ಟರೊಳಗ ಸಿನಿಮಾ ಮುಗ್ದೋಯ್ತು.”

ಲೈನ್ ಕಟ್ಟಾಯಿತೇನೋ ಎಂದು ನಾನು ಫೋನ್ ತೆಗೆದುಕೊಂಡೆ.

“ಅಣ್ಣ” ಎಂದಳು ತಂಗಿ. “ಅವಳ ಬಗ್ಗ ಜನ ಏನಂದ್ರು?”

ಚರ್ಚೆಯನ್ನೆಲ್ಲ ನೆನಪು ಮಾಡಿಕೊಂಡೆ. ದೋಣಿಯವನ ಬಗ್ಗೆ ಅಷ್ಟೊಂದು ಮಾತು ಬಂದಿತ್ತು. ಆ ಹೆಂಗಸಿನ ಬಗ್ಗೆ ಯಾರೂ ಕೆಟ್ಟದ್ದನ್ನೂ ಹೇಳಿರಲಿಲ್ಲ, ಒಳ್ಳೆಯದನ್ನೂ ಹೇಳಿರಲಿಲ್ಲ. ಅವಳು ಎಲ್ಲಿಗೆ ಹೋದಳು, ಏನು ಉಂಡಳು ಎಂದು ಕೇಳಿದವರಿಲ್ಲ. “ಯಾರೂ ಏನೂ ಅನ್ನಲಿಲ್ಲ ಕನವ್ವ” ಎಂದೆ.

“ಹೌದಾ” ಎಂದು ಫೋನ್ ಇಟ್ಟಳು. ಅವಳಿಗೆ ಸಮಾಧಾನವಾಯಿತೋ, ನೋವಾಯಿತೋ ನನಗೆ ತಿಳಿಯಲಿಲ್ಲ.

ಮುಂದಿನ ಶನಿವಾರ ತಂಗಿ ಹೇಳದೆ ಕೇಳದೆ ಬಾಗಿಲಲ್ಲಿ ನಿಂತಿದ್ದಳು. ತುಂಬ ಇಳಿದುಹೋಗಿದ್ದಳು. ಮಗುವನ್ನು ಕರೆದುಕೊಂಡು ಹೋಗಲು ಬಂದೆ ಎಂದಳು. ಉಳಿಯಲು ಜಾಗ ಎಲ್ಲಿದೆ ಎಂದು ಕೇಳಿದೆ. ಹಾಸ್ಟೆಲಿನ ಅಡುಗೆಮನೆಯ ಹಿಂದೆ ನಾಲ್ವರು ಹೆಂಗಸರು ಮಲಗುವ ಕೋಣೆ, ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಅದನ್ನು ಹೇಳುವಾಗ ತಲೆ ಎತ್ತಲಿಲ್ಲ. ದಸರಾದಲ್ಲಿ ಬಿಟ್ಟುಹೋಗಿ ಬಾರದಿದ್ದದ್ದೂ ಅದಕ್ಕೇ. ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ. ಮಗು ಅಮ್ಮನ ಸೆರಗು ಹಿಡಿದುಕೊಂಡೇ, “ನಾ ಇಲ್ಲೇ ಓದ್ತೀನಿ. ನೀ ಬಂದು ಬಂದು ಹೋಗು” ಎಂದಳು. ಅಷ್ಟು ದೊಡ್ಡವರು ಇಬ್ಬರು ಕೂತು ತೀರ್ಮಾನಿಸಲಾಗದ್ದನ್ನು ಅವಳು ಹಾಗೆ ಮುಗಿಸಿದಳು.

ಈಗ ತಂಗಿ ತಿಂಗಳಿಗೊಮ್ಮೆ ಮೈಸೂರಿನ ಬಸ್ಸಿನಲ್ಲಿ ಬರುತ್ತಾಳೆ. ಒಂದು ರಾತ್ರಿ ಇದ್ದು, ಮಗಳ ತಲೆಗೆ ಎಣ್ಣೆ ಹಚ್ಚಿ, ನನಗೆ ಸಾರಿನ ಪುಡಿ ಮಾಡಿಟ್ಟು ಹೋಗುತ್ತಾಳೆ. ಬಸ್ಸು ಹತ್ತಿಸಿ ತಿರುಗುವಾಗ ಮಗು ಅಳುವುದಿಲ್ಲ. ನಾನೇ ದಾರಿಯ ತಿರುವಿನವರೆಗೂ ಮತ್ತೆ ಮತ್ತೆ ಹಿಂದೆ ನೋಡುತ್ತೇನೆ. ಯಾರಿಗಾಗಿ ಎಂದು ಹೇಳಲಾರೆ.

ಊರಿನವರು ಇನ್ನೂ ನಮ್ಮನ್ನು ನೋಡಿದರೆ ಆ ಸಿನಿಮಾದ ಮಾತೆತ್ತುತ್ತಾರೆ. ಮೊನ್ನೆ ಚಹಾ ಅಂಗಡಿಯವನು ನಿಮ್ಮದೂ ಅದೇ ಕತೆ ಅಂದಾಗ ಮಗು ತಾನಾಗಿಯೇ ಮಲಯಾಳದಲ್ಲಿ ಅವನನ್ನು ತಿದ್ದಿದಳು. ಆ ದೋಣಿಯ ಹುಡುಗಿಗೆ ಒಬ್ಬನೇ ಇದ್ದ, ತನಗೆ ಇಬ್ಬರಿದ್ದಾರೆ, ಅದೇ ಬೇರೆ ಕತೆ ಎಂದಳು. ಅವನು ನಕ್ಕು ಅವಳ ಕೈಗೆ ಒಂದು ಬಿಸ್ಕೆಟ್ ಕೊಟ್ಟ. ನಾನು ಹಾಗಾದರೆ ನಮ್ಮದು ಎಂಥ ಕತೆ ಎಂದು ಯೋಚಿಸುತ್ತಾ ಚಹಾ ಕುಡಿದೆ.