ರೈಲ್ವೆ ಗೇಟಿನಲ್ಲಿ ಕೆಂಪು ಕಾರು

ಮಾಲೂರಿನಲ್ಲಿ ನಮ್ಮ ಮನೆಯ ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಆ ಗೇಟು ಬಿದ್ದಾಗಲೆಲ್ಲ ನನ್ನ ಕಾರಿನ ಎಂಜಿನ್ನೂ ನಿಂತುಹೋಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಆರ್‌ಪಿಎಂ ಮುಳ್ಳು ನನ್ನ ಬಿಪಿಯ ಹಾಗೆ ಏರುವುದು, ಇಳಿಯುವುದು, ಆಮೇಲೆ ಸತ್ತೇ ಹೋಗುವುದು.

ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಕೆಂಪು ಕಾರು. ಓಟಕ್ಕೆಂದೇ ಮಾಡಿದ ಎಂಜಿನ್. ನಾನು ಎಂಬತ್ತು ದಾಟಿಸಿದವನಲ್ಲ. ಟೈರು ಒಡೆದರೆ?

ಕೋಲಾರದಲ್ಲಿ ಮೂವರು ಮೆಕ್ಯಾನಿಕ್‌ಗಳು ನೋಡಿದರು. ಒಬ್ಬ ಸ್ಕ್ಯಾನರ್ ಹಾಕಿದ, ಏನೂ ತೋರಿಸಲಿಲ್ಲ. ಕೊನೆಗೆ ಮೂವರೂ ಮಾಡಿದ್ದು ಒಂದೇ ಕೆಲಸ: ಕಾರು ನಿಂತಾಗ ಎಂಜಿನ್ನಿನ ವೇಗ ಹಿಡಿದಿಡುವ ಐಡ್ಲಿಂಗ್ ಸ್ಕ್ರೂ ತಿರುಗಿಸಿ, "ಸ್ವಲ್ಪ ರೇಸ್ ಜಾಸ್ತಿ ಇಟ್ಟಿದೀನಿ ಸಾರ್" ಅಂದರು. ಎರಡು ದಿನ ಸರಿಯಿರುತ್ತಿತ್ತು, ಆಮೇಲೆ ಮತ್ತೆ ಗೇಟು, ಮತ್ತೆ ಹಿಂದಿನಿಂದ ಹಾರನ್.

"ರೀ, ಇನ್ನೊಂದ್ಸಲ ಸೀರೆ ಸಿಕ್ಕಿಸಿಕೊಂಡು ಕಾರು ತಳ್ಳಲ್ಲ ನಾನು," ಅಂದಳು ಹೆಂಡತಿ.

ಅವಳ ತಮ್ಮನಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಅವನು ಫೋನ್ ಮಾಡಿ, ಎಂದಿನಂತೆ ತೆಲುಗು ಬೆರೆಸಿ ಅಂದ: "ಅಮ್ಮೇಯಿ ಬಾವಾ, ಮಾರಿಬಿಡು. ಭಾನುವಾರ ಮುಳಬಾಗಿಲಿಂದ ಒಬ್ರನ್ನ ಕರ್ಕೊಂಡು ಬರ್ತೀನಿ. ಅವತ್ತು ಮಾತ್ರ ರೇಸ್ ಜಾಸ್ತಿ ಇಡು, ಗೊತ್ತಾಗಲ್ಲ."

"ಮಾರಲ್ಲ. ಆ ಸ್ಕ್ರೂನೂ ಮುಟ್ಟಲ್ಲ."

"ಭಾನುವಾರದೊಳಗೆ ರಿಪೇರಿ ಆಗ್ದೇ ಇದ್ರೆ?"

"ಆಗ ಅವ್ರು ಕಾರು ತಗೊಂಡು ಹೋಗ್ಲಿ," ಅಂದುಬಿಟ್ಟೆ. ಫೋನ್ ಇಟ್ಟಮೇಲೆ ಕ್ಯಾಲೆಂಡರಿನಲ್ಲಿ ಉಳಿದ ದಿನ ಎಣಿಸಿದೆ.

ಎಂಜಿನ್ನು ತಾನು ಎಳೆದುಕೊಳ್ಳುವ ಗಾಳಿಯನ್ನು ಸೆನ್ಸರಿನಲ್ಲಿ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಸೆನ್ಸರು ದಾಟಿದ ಮೇಲೆ ಎಲ್ಲಾದರೂ ಕಳ್ಳಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಇಷ್ಟನ್ನು ಬೆಂಗಳೂರಿನ ರೈಲಿನಲ್ಲಿ ದಿನಾ ಕೂತು ಫೋನಿನಲ್ಲಿ ಓದಿದ್ದೆ. ತೂತು ಎಲ್ಲಿದೆ ಅಂತ ಹುಡುಕಲು ಹೊಗೆ ಬಿಡಬೇಕಂತೆ. ಅದರ ಯಂತ್ರ ನನ್ನ ಹತ್ತಿರ ಎಲ್ಲಿಂದ ಬರಬೇಕು? ಮನೆಯಲ್ಲಿ ಸಾಂಬ್ರಾಣಿ ಇತ್ತು.

ಶುಕ್ರವಾರ ರಜೆ ಹಾಕಿದೆ. ಎಂಜಿನ್ ತಣ್ಣಗಿತ್ತು. ಬ್ಯಾಟರಿ ಬಿಚ್ಚಿದೆ. ಸಾಂಬ್ರಾಣಿ ಹಾಕಿದ ಪೇಂಟ್ ಡಬ್ಬವನ್ನು ಕಾರಿನಿಂದ ಬಹಳ ದೂರ ಇಟ್ಟು, ಎರಡು ಬಕೆಟ್ ಮರಳು ಹತ್ತಿರ ಇಟ್ಟುಕೊಂಡೆ. ಡಬ್ಬಕ್ಕೆ ಸೈಕಲ್ ಪಂಪು, ಡಬ್ಬದಿಂದ ಎಂಜಿನ್ನಿನ ಗಾಳಿದಾರಿಗೆ ಉದ್ದನೆ ಪೈಪು. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಬಗ್ಗಿ, "ಕಾರಿಗೆ ದೃಷ್ಟಿ ತೆಗೀತಿದೀರಾ?" ಅಂದರು.

"ಹೂಂ ಕಣ್ರೀ, ನಮ್ಮನೆಯವರ ದೃಷ್ಟಿನೇ ತಗುಲಿರೋದು," ಅಂದಳು ಹೆಂಡತಿ, ಪಂಪು ಹೊಡೆಯುತ್ತಲೇ.

ನಾನು ಕನ್ನಡಿ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದೆ. ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪಿನ ಅಡಿಯಲ್ಲಿ, ಮಡಿಕೆಯ ಸಂದಿನಿಂದ, ತೆಳ್ಳಗೆ ಹೊಗೆ ಬಂತು.

ಆ ಬಿರುಕು ಮಾಡಿದವನು ನಾನೇ. ಊರ ಸುತ್ತಲಿನ ಇಟ್ಟಿಗೆ ಗೂಡುಗಳ ಧೂಳು ಎಂಜಿನ್ನಿಗೆ ಹೋದೀತು ಅಂತ ಪ್ರತಿ ಭಾನುವಾರ ಆ ಪೈಪು ಬಗ್ಗಿಸಿ ಬಿಚ್ಚಿ ಫಿಲ್ಟರ್ ಒರೆಸುತ್ತಿದ್ದೆ. ಧೂಳು ಮಾಡದ ಹಾಳನ್ನು ನನ್ನ ಭಯ ಮಾಡಿತ್ತು. ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಶನಿವಾರ ಬೆಂಗಳೂರಿನಿಂದ ಹೊಸ ಪೈಪು ತಂದು ಹಾಕಿದೆ. ಮೂವರೂ ತಿರುಗಿಸಿದ್ದ ಸ್ಕ್ರೂ ಮುಟ್ಟೋದಿಲ್ಲ ಅಂದಿದ್ದೆನಲ್ಲ, ಮುಟ್ಟಿದೆ, ಹಳೇ ಗುರುತಿಗೆ ಇಳಿಸಲು. ಮುಳ್ಳು ಅಲ್ಲಾಡದೆ ನಿಂತಿತು.

ಭಾನುವಾರ ಮುಳಬಾಗಿಲಿನವರು ಬಂದು ಕಿವಿಗೊಟ್ಟು ಕೇಳಿದರು. "ಚೆನ್ನಾಗೈತಲ್ಲ," ಅಂದರು. ಬಾಮೈದ ನನ್ನ ಕಿವಿಯಲ್ಲಿ, "ಈಗ್ಲೇ ಕೊಡೋದು ಬಾವಾ," ಅಂದ.

ಕೀ ಜೇಬಿಗೆ ಹಾಕಿಕೊಂಡೆ. "ಬಂದಿದ್ದೀರಿ, ಕಾಫಿ ಕುಡಿದು ಹೋಗಿ. ಕಾರು ಕೊಡೋದಿಲ್ಲ."

ಅವರು ಹೊರಟಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಗೇಟಿಗೆ ಹೋದೆ. ಅದು ತೆರೆದಿತ್ತು. ದಾಟಲಿಲ್ಲ. ಪಕ್ಕಕ್ಕೆ ಹಾಕಿ, ಅದು ಬೀಳಲಿ ಅಂತ ಕಾದೆ. ಬಿತ್ತು. ಗಾಡಿಗಳ ಸಾಲಿಗೆ ಸೇರಿಕೊಂಡು, ಆಕ್ಸಿಲರೇಟರಿನಿಂದ ಕಾಲು ತೆಗೆದು ಕೂತೆ.

ಪಕ್ಕದ ಬೈಕಿನವನು ಗಾಜು ತಟ್ಟಿದ. "ಆಫ್ ಮಾಡಿ ಸಾರ್, ಪೆಟ್ರೋಲ್ ವೇಸ್ಟು."

"ಆಗ್ಲಿ ಬಿಡಪ್ಪಾ," ಅಂದೆ. ರೈಲು ಪೂರ್ತಿ ಹೋಗೋವರೆಗೂ ಆಫ್ ಮಾಡಲಿಲ್ಲ.