ಫಟಫಟಿಯ ಹಿತ್ತಾಳೆ ಮುಚ್ಚಳ

ನಂಜನಗೂಡಿನ ಡಾಕ್ಟರರ ಫಟಫಟಿಗೆ, ಅಂದರೆ ಮೋಟಾರ್ ಸೈಕಲ್ಲಿಗೆ, ನಾನು ಡ್ರೈವರಾಗಿದ್ದ ಕಾಲದ ಮಾತಿದು. ಆಗಿನ್ನೂ ಮಹಾರಾಜರ ಆಳ್ವಿಕೆ. ಗಾಡಿ ಆಗಲೇ ಎರಡು ಮೂರು ಬಿಳಿ ದೊರೆಗಳ ಕೈ ದಾಟಿ ಮುದಿಯಾಗಿತ್ತು. ಇಂಜಿನ್ನಿಗೆ ನೀರಿನ ಗೊಡವೆ ಇಲ್ಲ, ಓಡುವಾಗ ಬಡಿಯುವ ಗಾಳಿಯೇ ಅದನ್ನು ತಣ್ಣಗಿಡಬೇಕು. ಪಕ್ಕಕ್ಕೆ ಜೋಡಿಸಿದ ತೊಟ್ಟಿಯಲ್ಲಿ ಡಾಕ್ಟರು ಮತ್ತು ಅವರ ಔಷಧದ ಪೆಟ್ಟಿಗೆ. ವಾರಕ್ಕೊಮ್ಮೆ ತಿರುಮಕೂಡಲು ನರಸೀಪುರಕ್ಕೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು.

ಒದ್ದು ಶುರು ಮಾಡುವ ಸೌಕರ್ಯ ಅದಕ್ಕಿರಲಿಲ್ಲ. ನಾನು ಹತ್ತಿ ಕೂತು ಹ್ಯಾಂಡಲ್ಲಿನ ಸನ್ನೆಯನ್ನು, ಅದೇ ಲಿವರನ್ನು, ಅದುಮಿ ಹಿಡಿಯಬೇಕು, ದವಾಖಾನೆಗಿದ್ದ ಒಬ್ಬರೇ ಜವಾನರು ಹಿಂದಿನಿಂದ ತಳ್ಳಿಕೊಂಡು ಓಡಬೇಕು. ವೇಗ ಸಾಕೆಂದು ಅವರ ಕಾಲಿಗೇ ತಿಳಿಯುತ್ತಿತ್ತು. "ಈಗ ಬುಡ್ಲಾ ಮಗ" ಎಂದು ಕೂಗುವರು. ನಾನು ಸನ್ನೆ ಬಿಟ್ಟೊಡನೆ ಇಂಜಿನ್ ಹತ್ತಿಕೊಳ್ಳುವುದು. ಜವಾನರ ಊರು ಚಿಕ್ಕಯ್ಯನಛತ್ರ, ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಮನೆಯಲ್ಲಿ ಏಳು ಜನ, ಸಂಬಳ ಇವರೊಬ್ಬರದೇ.

ಆ ವರ್ಷ ಆಯುಧಪೂಜೆಗೆ ದೇವನೂರಿನ ನಮ್ಮ ಮನೆಯಲ್ಲಿ ಅಪ್ಪನ ನೇಗಿಲ ಗುಳ, ಕುಡುಗೋಲುಗಳ ಪಕ್ಕ ನನ್ನದೂ ಒಂದು ಆಯುಧ ಇರಲಿ ಎಂಬ ಜಂಬ ಹತ್ತಿತು. ಗಾಡಿ ಒರೆಸುತ್ತೇನೆಂದು ಜವಾನರಿಂದ ಶೆಡ್ಡಿನ ಬೀಗ ತೆಗೆಸಿದೆ. ಕಿಡಿ ಹುಟ್ಟಿಸುವ ಡಬ್ಬಿಯಾದ ಮ್ಯಾಗ್ನೆಟೊದ ಹಿತ್ತಾಳೆ ಮುಚ್ಚಳ ಕಳಚಿ, ಯಾರಿಗೂ ಹೇಳದೆ ಮನೆಗೆ ಒಯ್ದೆ. ಅವ್ವ ಅದನ್ನು ದೀಪದ ಕಂಬಗಳ ಜೊತೆಗೆ ಹಾಕಿಕೊಂಡು ಹುಣಸೆಹಣ್ಣು, ಬೂದಿ ಹಚ್ಚಿ ಒಳಗೂ ಹೊರಗೂ ಫಳಫಳ ಬೆಳಗಿದಳು. ಪೂಜೆ ಮುಗಿಸಿ ಮಾರನೆಯ ದಿನ ತಂದು ಕೂರಿಸಿದೆ.

ನರಸೀಪುರಕ್ಕೆ ಹೊರಟ ಬೆಳಿಗ್ಗೆ ಜವಾನರು ಆರು ಸಲ ತಳ್ಳಿದರೂ ಇಂಜಿನ್ ಕೆಮ್ಮಲೂ ಇಲ್ಲ. ಡಾಕ್ಟರು ಏನಾಯಿತೆಂದು ಗದರಿದಾಗ ನನ್ನ ಬಾಯಿಗೆ ಬಂದದ್ದು ಒಂದೇ ಮಾತು, ಯಾರೋ ಕೈಯಾಡಿಸಿದ್ದಾರೆ ಸ್ವಾಮಿ. ಬೀಗದ ಕೈ ಇದ್ದದ್ದು ಜವಾನರ ಸೊಂಟದಲ್ಲಿ. ಡಾಕ್ಟರು ಅವರ ಮುಖ ನೋಡಿ, ಕೈ ನೀಡಿ ಅದನ್ನು ಈಸಿಕೊಂಡರು. ಇನ್ನು ದವಾಖಾನೆ ಕಡೆ ಬರಬೇಡ ಎಂದು ಹೇಳಿ ಎತ್ತಿನ ಗಾಡಿ ಹತ್ತಿ ಹೋದರು. ಜವಾನರು ಊರಿನ ದಾರಿ ಹಿಡಿದರು.

ನಾನು ಫಟಫಟಿಯ ಹಿಂದಿನ ಅಚ್ಚಿಗೆ ಕಲ್ಲು ಕೊಟ್ಟು, ಗಾಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಹುಡುಕಿದೆ. ಪ್ಲಗ್ಗಿನಲ್ಲಿ ಕಿಡಿಯಿಲ್ಲ. ಪ್ಲಗ್ ಕಳಚಿ ತಂತಿಯ ತುದಿಯನ್ನು ಕಬ್ಬಿಣಕ್ಕೆ ಹಿಡಿದೆ, ಅಲ್ಲೂ ಇಲ್ಲ. ತಂತಿ ಎಲ್ಲೂ ಹರಿದಿರಲಿಲ್ಲ. ಕೊನೆಗೆ ಮುಚ್ಚಳ ತೆಗೆದೆ. ಒಳಅಂಚಿನಲ್ಲಿ ಉಳಿದಿದ್ದ ಬೂದಿ ಉದುರಿ, ಒಂದನ್ನೊಂದು ಮುಟ್ಟಬೇಕಾದ ಎರಡು ಮೊಳೆಗಳ ನಡುವೆ ಹುಣಸೆ ಅಂಟಿನ ಜೊತೆ ಕೂತಿತ್ತು. ಬಟ್ಟೆಯಲ್ಲಿ ಒರೆಸಿ ಗಾಲಿ ತಿರುಗಿಸಿದೆ. ನೀಲಿ ಕಿಡಿ ಹಾರಿತು.

ಸಂಜೆ ಗಾಡಿ ಸರಿಯಾಯಿತೆಂದು ಹೇಳಿದಾಗ ಡಾಕ್ಟರು ಭೇಷ್ ಎಂದರು. ಆಗಲೇ ನಿಜ ಹೇಳಬೇಕಿತ್ತು. ಕೆಲಸ ಹೋದೀತೆಂದು ಹೆದರಿ ಬಾಯಿ ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಓಡಿಸಿ ನೋಡೋಣವೆಂದು ಡಾಕ್ಟರು ತೊಟ್ಟಿಯಲ್ಲಿ ಕೂತರು. ತಳ್ಳುವವರಿಲ್ಲ. ಹ್ಯಾಂಡಲ್ ಹಿಡಿದು ನಾನೇ ತಳ್ಳಿದೆ. ಇಪ್ಪತ್ತು ಹೆಜ್ಜೆಗೆ ಉಸಿರು ಕಟ್ಟಿತು, ಗಾಡಿ ಮಾತ್ರ ಎಮ್ಮೆಯ ಹಾಗೆ ತೆವಳುತ್ತಿತ್ತು. ಇನ್ನೊಬ್ಬನನ್ನು ಕರೆಯೋ ಎಂದರು. ಇನ್ನು ತಡೆಯಲಾಗಲಿಲ್ಲ.

"ತಪ್ಪು ನಂದೇ ಸ್ವಾಮಿ. ಮುಚ್ಚಳ ಪೂಜೆಗೆ ಅಂತ ನಾನೇ ಮನೆಗೆ ತಕ್ಕೊಂಡೋಗಿದ್ದೆ. ಜವಾನ್ರು ಅದನ್ನ ಮುಟ್ಟೂ ಇಲ್ಲ."

"ನಿನ್ನೆ ಸಂಜೆಯೇ ಗೊತ್ತಿತ್ತೆ?"

"ಗೊತ್ತಿತ್ತು ಸ್ವಾಮಿ."

ಡಾಕ್ಟರು ತೊಟ್ಟಿಯಿಂದ ಇಳಿದರು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ನಡೆದುಕೊಂಡೇ ಹೋಗಿ ಕರೆದುಕೊಂಡು ಬಾ ಎಂದರು. ಚಿಕ್ಕಯ್ಯನಛತ್ರಕ್ಕೆ ನಡೆದೆ. ಜಗಲಿಯಲ್ಲಿ ಕೂತಿದ್ದ ಜವಾನರಿಗೆ ಎಲ್ಲ ಹೇಳಿ ಕಾಲಿಗೆ ಬಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡು, ಬೀಗದ ಕೈ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿ, ನನ್ನ ಮುಂದೆ ನಡೆದರು.

ಅಂದಿನಿಂದಲೂ ಅವರೇ ಗಾಡಿ ತಳ್ಳಿದರು. ಆದರೆ "ಈಗ ಬುಡ್ಲಾ ಮಗ" ಎಂದು ಒಂದು ದಿನವೂ ಕೂಗಲಿಲ್ಲ. ಸನ್ನೆಯನ್ನು ಯಾವಾಗ ಬಿಡಬೇಕೆಂದು ತಿಳಿಯಲು ನಾನು ಬೆನ್ನ ಹಿಂದಿನ ಅವರ ಹೆಜ್ಜೆಯ ಸದ್ದು ಆಲಿಸುತ್ತಿದ್ದೆ.