ಹಾಲವ್ವ ಮಗಳಿಗೆ ಬರೆಸಿದ್ದು

"ಅವ್ವಾ, ಹಾಲವ್ವಾಯಿ ತಟ್ಟಿದ ಕುಳ್ಳಿನ ಮ್ಯಾಲ ಬೆರಳಿನ ಗುರುತ ಯಾಕ ಇಲ್ಲ?"

ಹಂಸಭಾವಿಯ ಶಾಲಾಮಾಸ್ತರರ ಹೆಂಡತಿ ಸುಶೀಲವ್ವ ಮಗಳ ಕೈಯಿಂದ ಕುಳ್ಳನ್ನು ತೆಗೆದುಕೊಂಡು ಒಲೆಗೆ ತುರುಕಿದಳು. ಹಾಲವ್ವನಿಗೆ ಬೆರಳುಗಳೇ ಇರಲಿಲ್ಲ. ಊರವರು ಅವಳಿಂದ ಕೊಳ್ಳುತ್ತಿದ್ದುದು ಸಗಣಿಯ ಕುಳ್ಳೊಂದನ್ನೇ; ಸುಟ್ಟು ಬೂದಿಯಾಗುವುದಕ್ಕೆ ಯಾವ ಅಂಟುರೋಗ ಎಂದು. ಸುಶೀಲವ್ವ ಅವಳಿಗೆ ಚಹಾ ಕೊಡುತ್ತಿದ್ದಳು, ಆದರೆ ಬಟ್ಟಲು ಬೇರೆ.

ಇಪ್ಪತ್ತು ವರ್ಷದ ಹಿಂದೆ, ಹಾನಗಲ್ಲ ಸೀಮೆಯ ಗಂಡನ ಮನೆಯಲ್ಲಿದ್ದಾಗ, ಹಾಲವ್ವನಿಗೆ ಕುಷ್ಠ ಬಂತು. ಮನೆಯವರು ಗಾಡಿಯಲ್ಲಿ ಒಯ್ದು ಮಿಶನ್ ದವಾಖಾನೆಯ ಬಾಗಿಲಲ್ಲಿ ಇಳಿಸಿದರು. ಹೊಳೆಗೆ ಬಿದ್ದು ಸತ್ತಳೆಂದು ಹೇಳಿ ತಿಥಿಯನ್ನೂ ಮಾಡಿದರು. ಮಗಳು ತಿಪ್ಪವ್ವನಿಗೆ ಆಗ ಮೂರು ವರ್ಷ.

ಹನ್ನೊಂದು ವರ್ಷ ದವಾಖಾನೆಯಲ್ಲಿ ದಿನಾ ಸಂಜೆ ಒಬ್ಬ ನರ್ಸಮ್ಮ, ಬಹಳ ಹಿಂದೆ ಒಬ್ಬ ವೈದ್ಯ ಬರೆದ ಯೇಸುವಿನ ಸುವಾರ್ತೆಯನ್ನು ಓದುತ್ತಿದ್ದಳು. ಅಕ್ಷರ ಬಾರದ ಹಾಲವ್ವನಿಗೆ ಅದು ಮೊದಲಿಂದ ಕೊನೆತನಕ ಬಾಯಿಗೆ ಬಂತು. ಹಣೆಯ ವಿಭೂತಿಯನ್ನೇನೂ ಅವಳು ಬಿಡಲಿಲ್ಲ. ರೋಗ ನಿಂತ ಮೇಲೆ ಹಂಸಭಾವಿಗೆ ಬಂದು ಕುಳ್ಳು ಮಾರಿ ಬದುಕತೊಡಗಿದಳು.

"ಅದರಾಗ ಯೇಸು ಕುಷ್ಠದಾಂವನ್ನ ಮೊದಲ ಮುಟ್ಟತಾನ್ರಿ ಅಕ್ಕಾರ. ವಾಸಿ ಮಾಡೂದು ಆಮ್ಯಾಲ. ಮತ್ತ ಆ ವೈದ್ಯ ಅಷ್ಟೂ ಬರದದ್ದು ಒಬ್ಬನ ಸಲುವಾಗಿ. ಕೇಳಿದ್ದು ಖರೇ ಅಂತ ಆ ಒಬ್ಬಾಂವಗ ತಿಳೀಲಿ ಅಂತ," ಎಂದಳು ಹಾಲವ್ವ ಒಮ್ಮೆ ಚಹಾ ಕುಡಿಯುತ್ತ.

"ಆಮ್ಯಾಲ ಜಗತ್ತೆಲ್ಲ ಓದ್ತಲ್ಲ," ಎಂದು ಸುಶೀಲವ್ವ ನಕ್ಕಳು.

"ಓದ್ಲಿ ಬಿಡ್ರಿ. ಮೊದಲ ಒಬ್ಬಾಂವ ಓದಿದ್ದ."

೧೯೬೧ರ ಆಷಾಢದಲ್ಲಿ ಸವಣೂರಿನ ಬಳೆಗಾರ್ತಿ ಇಮಾಮಬಿ ಬಂದಳು. ಹಾಲವ್ವ ಬದುಕಿರುವುದು ಗೊತ್ತಿದ್ದ ಹಳೆಯ ಪರಿಚಯದವಳು ಅವಳೊಬ್ಬಳೇ. ತಿಪ್ಪವ್ವನನ್ನು ಕೊಟ್ಟ ಹಿರೇಬೆಂಡಿಗೇರಿಗೂ ಬಳೆ ತೊಡಿಸಲು ಹೋಗುತ್ತಿದ್ದಳು.

"ಹಾಲವ್ವಕ್ಕಾ, ನಿನ್ನ ಮಗಳ ಮಣಿಕಟ್ಟಿನ ಮ್ಯಾಲ ಬಿಳೇ ಮಚ್ಚಿ ಐತಿ. ಬಳಿ ಒಡದು ಚೂರು ನಟ್ಟು ರಕ್ತ ಬಂತು. ಅಕಿ ನನ್ನ ಕೂಡ ನಕ್ಕೋತ ಮಾತಾಡಾಕತ್ತಿದ್ಲು."

ಹಾಲವ್ವ ಕೈಯಲ್ಲಿದ್ದ ಸಗಣಿಯನ್ನು ಕೆಳಗಿಟ್ಟಳು. "ದವಾಖಾನಿಗೆ ಹೋಗು ಅನ್ಲಿಲ್ಲೇನ?"

"ಅಂದೆ. ಒಲಿ ಸುಟ್ಟ ಕಲಿ ಅಂದು ಸೆರಗ ಮುಚ್ಚಿದ್ಲು. ಬಳಿ ಮಾರಾಕಿ ಮಾತು ಯಾರು ನಂಬತಾರ?"

ಈಗ ಕುಷ್ಠಕ್ಕೆ ಗುಳಿಗೆ ಬಂದಿತ್ತು. ಮಚ್ಚೆ ಇರುವಾಗಲೇ ನುಂಗಿದರೆ ಬೆರಳು ಉಳಿಯುತ್ತಿದ್ದವು. ಅದು ತಿಪ್ಪವ್ವನಿಗೆ ತಿಳಿಯಬೇಕಿತ್ತು, ಅವಳ ಗಂಡನ ಮನೆಗೆ ತಿಳಿಯಬಾರದಿತ್ತು.

ಮರುದಿನ ಹಾಲವ್ವ ಮಾಸ್ತರರ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು, ಸುಶೀಲವ್ವ ಬರೆದಳು. ಮೊದಲು ಮಚ್ಚೆ, ಆಮೇಲೆ ಗಾಡಿ, ಸುಳ್ಳು ತಿಥಿ, ಉದುರಿದ ಬೆರಳು, ಗುಳಿಗೆ. ಮಗು ಗಾಡಿಯ ಹಿಂದೆ ಅಳುತ್ತ ಓಡಿಬಂದದ್ದನ್ನು ಸುಶೀಲವ್ವ ಬಿಡಲು ನೋಡಿದಳು.

"ಅದನ್ನ ಬಿಡಬ್ಯಾಡ್ರಿ. ಅದು ಅಕೀಗೂ ನೆನಪಿದ್ರ ಉಳದದ್ದನ್ನೂ ನಂಬತಾಳ."

ನಾಲ್ಕು ಪುಟವಾಯಿತು. ಸುಶೀಲವ್ವ ಲಕೋಟೆಗೆ ಕೈ ಹಾಕಿದಾಗ ಹಾಲವ್ವ ತಡೆದಳು. ತಿಪ್ಪವ್ವನಿಗೆ ಓದಲು ಬರುತ್ತಿರಲಿಲ್ಲ. ಆ ಮನೆಗೆ ಬಂದ ಕಾಗದವನ್ನು ಮಾವ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ.

"ಟಪಾಲಿಗೆ ಹಾಕಬ್ಯಾಡ್ರಿ ಅಕ್ಕಾರ. ನೀವ ಹೋಗ್ರಿ. ಅಕಿ ನೀರಿಗೆ ಬಂದಾಗ ಒಬ್ಬಾಕೀನ್ನ ಕುಂದರಿಸಿ ಓದಿ ಹೇಳ್ರಿ. ಅವ್ವನ್ನ ನೋಡಬೇಕು ಅಂತ ಅತ್ತರೂ ಇಲ್ಲಿಗೆ ಕರಕೊಂಡು ಬರಬ್ಯಾಡ್ರಿ. ಈ ಕೈ ನೋಡಿದ್ರ ಗುಳಿಗಿ ಮ್ಯಾಲಿನ ನಂಬಿಕಿ ಹೋಗತೈತಿ. ಸೀದಾ ದವಾಖಾನಿಗೆ ಕರಕೊಂಡು ಹೋಗ್ರಿ."